ಊಟದ ಅರ್ಧ ತಾಸನ್ನು ನಿಯಮದಲ್ಲಿ ಬರೆದುಕೊಡಿ: ಕಾರ್ಮಿಕ ಸಚಿವರಿಗೆ ಉದ್ಯಮಬಾಗದಿಂದ ಒಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ, ಹಾಗೂ ಕಾರ್ಖಾನೆ, ಬಾಯ್ಲರ್, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ಅಧಿಕಾರಿಗಳಿಗೆ, ಬೆಳಗಾವಿಯಿಂದ ನಮಸ್ಕಾರ.

ನಾನು ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಮಷಿನ್ ಆಪರೇಟರ್. ಮೂರೂ ಪಾಳಿಗಳಲ್ಲಿ ದುಡಿದಿದ್ದೇನೆ, ಈಗಲೂ ದುಡಿಯುತ್ತಿದ್ದೇನೆ. ಈ ಪತ್ರ ಪಗಾರದ ಬಗ್ಗೆ ಅಲ್ಲ. ಅದರ ಮಾತು ಬೇರೆಯೇ ಇದೆ. ಇದು ಊಟದ ಅರ್ಧ ತಾಸಿನ ಬಗ್ಗೆ, ಮತ್ತೆ ಒಂದು ಪಾಳಿ ಮುಗಿದು ಇನ್ನೊಂದು ಪಾಳಿಗೆ ಬರುವ ನಡುವೆ ಮನುಷ್ಯನಿಗೆ ಸಿಗಬೇಕಾದ ನಿದ್ದೆಯ ಬಗ್ಗೆ.

ಈಗಲೇ ಯಾಕೆ ಅಂದರೆ, 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1948ರ ಕಾರ್ಖಾನೆ ಕಾಯ್ದೆಯ 55ನೇ ಕಲಂನಲ್ಲಿ ಅಂಕಿ ಸ್ಪಷ್ಟವಾಗಿತ್ತು. ಐದು ತಾಸಿಗಿಂತ ಜಾಸ್ತಿ ಒಂದೇ ಸಮನೆ ದುಡಿಸುವಂತಿಲ್ಲ, ಅಷ್ಟರೊಳಗೆ ಕನಿಷ್ಠ ಅರ್ಧ ತಾಸು ವಿರಾಮ ಕೊಡಲೇಬೇಕು. ಅದರ ಜಾಗಕ್ಕೆ ಬಂದಿರುವ 2020ರ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 25ನೇ ಕಲಂನಲ್ಲಿ ದಿನಕ್ಕೆ ಎಂಟು ತಾಸು ಅನ್ನುತ್ತದೆ. ಒಳ್ಳೇದು. ಆದರೆ ನಡುವೆ ವಿರಾಮ ಎಷ್ಟು, ಗೇಟಿನೊಳಗೆ ಕಾಲಿಟ್ಟಾಗಿನಿಂದ ಹೊರಗೆ ಬರುವವರೆಗೆ ಒಟ್ಟು ಎಷ್ಟು ಹೊತ್ತು ಹಿಡಿಯಬಹುದು ಅನ್ನುವುದನ್ನು ಸರ್ಕಾರ ಅಧಿಸೂಚನೆಯಲ್ಲಿ ಹೇಳಲಿ ಅಂತ ಬಿಟ್ಟಿದೆ. ನಮ್ಮಂಥ ಖಾಸಗಿ ಕಾರ್ಖಾನೆಗಳಿಗೆ ಆ ಸರ್ಕಾರ ಅಂದರೆ ರಾಜ್ಯ ಸರ್ಕಾರ, ಅಂದರೆ ನೀವು. ಕಾಯ್ದೆಯಲ್ಲಿದ್ದ ಅಂಕಿ ಬದಲಾಗಬೇಕಾದರೆ ಸದನದಲ್ಲಿ ಚರ್ಚೆ ಆಗಬೇಕಿತ್ತು, ಪೇಪರಿನಲ್ಲಿ ಬರುತ್ತಿತ್ತು, ನಾಲ್ಕು ಜನ ಕೇಳುತ್ತಿದ್ದರು. ಅಧಿಸೂಚನೆಯ ಅಂಕಿ ಒಂದು ಸಹಿಯಲ್ಲಿ ಬದಲಾಗುತ್ತದೆ. ನಮ್ಮ ಹೆದರಿಕೆ ಅದೇ.

ಹಾಗಾಗಿ ಕೇಳುತ್ತಿದ್ದೇನೆ. ಐದು ತಾಸಿಗೆ ಅರ್ಧ ತಾಸು ಅನ್ನುವುದನ್ನು ಇಳಿಸಬೇಡಿ, ಆ ಅರ್ಧ ತಾಸು ಮಷಿನ್ ಬಿಟ್ಟು ಹೋಗುವ ಅರ್ಧ ತಾಸು ಅಂತ ಬರೆಯಿರಿ, ಎರಡು ಪಾಳಿಗಳ ನಡುವೆ ಕನಿಷ್ಠ ಇಷ್ಟು ತಾಸು ಅಂತರ ಇರಲೇಬೇಕು ಅಂತಲೂ ಬರೆಯಿರಿ.

ಇದೇನು ಹೊಸ ಬೇಡಿಕೆ ಅಲ್ಲ. 1884ರಲ್ಲಿ ಮುಂಬೈ ಗಿರಣಿ ಕಾರ್ಮಿಕರನ್ನು ಸೇರಿಸಿ ಕಾರ್ಮಿಕ ಮುಖಂಡ ನಾರಾಯಣ ಮೇಘಾಜಿ ಲೋಖಂಡೆ ಅವರು ಸರ್ಕಾರದ ಮುಂದೆ ಇಟ್ಟ ಬೇಡಿಕೆಗಳಲ್ಲಿ ಭಾನುವಾರದ ಸೂಟಿ ಒಂದು, ಮಧ್ಯಾಹ್ನದ ಅರ್ಧ ತಾಸು ಇನ್ನೊಂದು. ಆಗ ನಮ್ಮ ಬೆಳಗಾವಿಯೂ ಮುಂಬೈ ಪ್ರಾಂತ್ಯದಲ್ಲೇ ಇತ್ತು. 1891ರ ಕಾರ್ಖಾನೆ ಕಾಯ್ದೆಯಲ್ಲಿ ಆ ಮಧ್ಯಾಹ್ನದ ಅರ್ಧ ತಾಸು ಬಂತು. ಮುಂದೆ ಡಾ. ಅಂಬೇಡ್ಕರ್ ಅವರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ತಂದ ತಿದ್ದುಪಡಿಯಿಂದ 1946ರಲ್ಲಿ ವಾರದ ದುಡಿಮೆ 54 ತಾಸಿನಿಂದ 48ಕ್ಕೆ ಇಳಿಯಿತು. ನಮ್ಮ ಅಜ್ಜ, ಮುತ್ತಜ್ಜಂದಿರ ಕಾಲದಲ್ಲಿ ಒಪ್ಪಿಕೊಂಡಿದ್ದನ್ನೇ ಈಗ ಮತ್ತೆ ಕೇಳಬೇಕಾಗಿದೆ.

ಈಗ ಆ ಅರ್ಧ ತಾಸು ಶಾಪ್ ಫ್ಲೋರ್‌ನಲ್ಲಿ ಹೇಗಿರುತ್ತದೆ ಅಂತ ಹೇಳುತ್ತೇನೆ, ಯಾಕೆಂದರೆ ನೀವು ತಪಾಸಣೆಗೆ ಬಂದಾಗ ರಜಿಸ್ಟರ್ ನೋಡುತ್ತೀರಿ, ರಜಿಸ್ಟರಿನಲ್ಲಿ ಎಲ್ಲರ ಹೆಸರಿನ ಮುಂದೆಯೂ ವಿರಾಮ ಬರೆದಿರುತ್ತದೆ. ಒಬ್ಬ ಆಪರೇಟರ್‌ಗೆ ಎರಡು ಮಷಿನ್. ಒಂದು ಜಾಬ್, ಅಂದರೆ ಮಷಿನ್‌ಗೆ ಹಾಕುವ ಲೋಹದ ತುಂಡು, ಕಟಿಂಗ್ ಆಗಲು ನಾಲ್ಕೈದು ನಿಮಿಷ. ಒಂದರಲ್ಲಿ ಜಾಬ್ ಹಾಕಿ ಬಾಗಿಲು ಮುಚ್ಚಿ ಬಟನ್ ಒತ್ತಿದರೆ ಇನ್ನೊಂದು ನಿಂತಿರುತ್ತದೆ. ಅದನ್ನು ತೆಗೆದು, ಒರೆಸಿ, ಗೇಜ್ ಹಾಕಿ ನೋಡಿ, ಹೊಸದನ್ನು ಕಚ್ಚಿಸುವಷ್ಟರಲ್ಲಿ ಮೊದಲಿನದು ಮುಗಿದಿರುತ್ತದೆ. ಊಟದ ಹೊತ್ತಿಗೆ ಮಷಿನ್ ನಿಲ್ಲಿಸಿ ಅಂತ ಯಾರೂ ಹೇಳುವುದಿಲ್ಲ, ನಿಲ್ಲಿಸಬೇಡಿ ಅಂತಲೂ ಹೇಳುವುದಿಲ್ಲ. ಪಾಳಿಯ ಟಾರ್ಗೆಟ್ ಮಾತ್ರ ಬೋರ್ಡಿನ ಮೇಲಿರುತ್ತದೆ, ಅದನ್ನು ಎಂಟು ತಾಸು ಪೂರ್ತಿ ಮಷಿನ್ ಓಡುತ್ತದೆ ಅಂತ ಹಿಡಿದೇ ಹಾಕಿರುತ್ತಾರೆ. ಆಗ ಹುಡುಗ ಏನು ಮಾಡುತ್ತಾನೆ? ಮಷಿನ್ ಪಕ್ಕದ ಟೂಲ್ ಟ್ರಾಲಿ ಮೇಲೆ ಡಬ್ಬಿ ಬಿಚ್ಚುತ್ತಾನೆ. ಕೈಗೆ ಟೂಲ್ ತಂಪು ಮಾಡುವ ಕೂಲಂಟ್ ಎಣ್ಣೆ. ಬಟ್ಟೆಯಲ್ಲಿ ಒರೆಸಿಕೊಂಡು ರೊಟ್ಟಿ ಮುರಿದು ಶೇಂಗಾ ಹಿಂಡಿ ಹಚ್ಚಿ ಎರಡು ತುತ್ತು ಬಾಯಿಗೆ ಹಾಕುವಷ್ಟರಲ್ಲಿ ಮಷಿನ್ ಲೈಟು ಹತ್ತುತ್ತದೆ. ಎದ್ದು ಹೋಗುತ್ತಾನೆ. ಮತ್ತೆ ಬರುತ್ತಾನೆ. ಒಂದು ಊಟಕ್ಕೆ ಆರೇಳು ಸಲ ಎದ್ದು ಕೂಡುತ್ತಾನೆ. ಅಸಲಿಗೆ ಕೂಡುವುದೂ ಇಲ್ಲ, ನಿಂತೇ ಉಣ್ಣುತ್ತಾನೆ. ಇದಕ್ಕೆ ರಜಿಸ್ಟರಿನಲ್ಲಿ ಅರ್ಧ ತಾಸು ವಿರಾಮ ಅಂತ ಬರೆದಿರುತ್ತದೆ.

ಆದ್ದರಿಂದಲೇ ನಿಯಮದಲ್ಲಿ ಬರೀ ವಿರಾಮ ಅಂತ ಬರೆದರೆ ಸಾಲುವುದಿಲ್ಲ ಅನ್ನುತ್ತಿದ್ದೇನೆ. ಒಂದೋ ಆ ಹೊತ್ತು ಮಷಿನ್ ನಿಲ್ಲಬೇಕು, ಇಲ್ಲವೇ ಅದನ್ನು ನೋಡಿಕೊಳ್ಳಲು ಬದಲಿ ಆಪರೇಟರ್ ನಿಂತಿರಬೇಕು. ಪಾಳಿಯ ಟಾರ್ಗೆಟ್ ಹಾಕುವಾಗ ವಿರಾಮದ ಹೊತ್ತನ್ನು ಕಳೆದೇ ಹಾಕಬೇಕು. ಸಿಎನ್‌ಸಿ ಮಷಿನ್ ಎಷ್ಟು ಹೊತ್ತು ಓಡಿತು, ಯಾವಾಗ ನಿಂತಿತು ಅನ್ನುವ ಲೆಕ್ಕ ಎಷ್ಟೋ ಕಡೆ ಕಂಟ್ರೋಲರ್‌ನಲ್ಲೇ ಸಿಗುತ್ತದೆ. ಅಧಿಕಾರಿಗಳು ರಜಿಸ್ಟರ್ ಪಕ್ಕಕ್ಕಿಟ್ಟು ಅದನ್ನು ನೋಡಲಿ.

ಫೌಂಡ್ರಿ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯವರ ಕಷ್ಟ ಇದಕ್ಕಿಂತ ದೊಡ್ಡದು. ಬೆಳಗಾವಿಗೆ ಹೆಸರು ಬಂದಿದ್ದೇ ಫೌಂಡ್ರಿಗಳಿಂದ. ಉದ್ಯಮಬಾಗದಿಂದ ಮಚ್ಛೆವರೆಗೆ ಹೋದರೆ ಎರಕದ ಮರಳಿನ ವಾಸನೆ ಬಿಡುವುದೇ ಇಲ್ಲ. ಬೀಡು ಕಬ್ಬಿಣ ಕರಗಿ 1,400 ಡಿಗ್ರಿ ಆಸುಪಾಸಿಗೆ ಬಂದು ಹೊಯ್ಯುವ ಪಾತ್ರೆಯಾದ ಲ್ಯಾಡಲ್‌ಗೆ ಇಳಿದ ಮೇಲೆ ಅದು ಯಾರ ಊಟಕ್ಕೂ ಕಾಯುವುದಿಲ್ಲ. ತಣಿದರೆ ಮಾಲು ಹಾಳು. ಇದು ನಿಜ, ಇದನ್ನು ಒಪ್ಪುತ್ತೇನೆ. ನಿಲ್ಲಿಸಲಾಗದ ಕೆಲಸಕ್ಕೆ ವಿನಾಯಿತಿ ಕೊಡಲು ಹಳೇ ಕಾಯ್ದೆಯ 64ನೇ ಕಲಂನಲ್ಲೂ ದಾರಿ ಇತ್ತು. ಆದರೆ ಕುಲುಮೆ ನಿಲ್ಲಿಸಲು ಆಗುವುದಿಲ್ಲ ಅಂದರೆ ಮನುಷ್ಯನನ್ನು ಬಿಡಲು ಆಗುವುದಿಲ್ಲ ಅಂತ ಅರ್ಥ ಅಲ್ವಲ್ಲ! ಒಬ್ಬ ಬದಲಿ ಆಳು ಇದ್ದರೆ ಸರದಿಯಲ್ಲಿ ಎಲ್ಲರೂ ಉಣ್ಣಬಹುದು. ಪೌರಿಂಗ್, ಅಂದರೆ ಎರಕ ಹೊಯ್ಯುವ ಕೆಲಸ ಮಾಡುವವನು ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿರುತ್ತಾನೆ, ಅವನಿಗೆ ಅರ್ಧ ತಾಸಿನ ಊಟದ ಜೊತೆ ನಡುನಡುವೆ ನೆರಳಿಗೆ ಬಂದು ನೀರು ಕುಡಿಯುವ ಹತ್ತು ನಿಮಿಷವೂ ಬೇಕು. ವಿಜಯಪುರ, ಬಾಗಲಕೋಟೆ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಅಲ್ಲಿ ಸಿಮೆಂಟ್ ಕಾರ್ಖಾನೆಯ ಕಿಲ್ನ್, ಅಂದರೆ ಸುಡುವ ಗೂಡಿನ ಹತ್ತಿರ ನಿಲ್ಲುವವರ ಬಗ್ಗೆ ಸ್ವಲ್ಪ ಯೋಚನೆ ಮಾಡಿ. ವಿನಾಯಿತಿ ಕೊಡುವುದಾದರೆ ಬದಲಿ ಆಳು ಇದ್ದಾನೆ ಅಂತ ತೋರಿಸಿದವರಿಗೆ ಮಾತ್ರ ಕೊಡಿ.

ಇನ್ನು ಪಾಳಿಯ ವಿಷಯ. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ನನಗೆ ಇದೇ ದೊಡ್ಡದು ಅನ್ನಿಸುತ್ತದೆ.

ನಮ್ಮಲ್ಲಿ ಪಾಳಿ ಬೆಳಿಗ್ಗೆ 6ರಿಂದ 2, 2ರಿಂದ ರಾತ್ರಿ 10, ರಾತ್ರಿ 10ರಿಂದ ಬೆಳಿಗ್ಗೆ 6. ಕಾನೂನಿನಲ್ಲಿ ಒಂದು ದಿನ ಅಂದರೆ ನಡುರಾತ್ರಿಯಿಂದ ನಡುರಾತ್ರಿವರೆಗೆ. ಹಳೇ ಕಾಯ್ದೆಯಲ್ಲೂ ಹಾಗೇ, ಹೊಸದರಲ್ಲೂ ಹಾಗೇ. ಇದರಿಂದ ಏನಾಗುತ್ತದೆ ನೋಡಿ. ಇವತ್ತು ಸೆಕೆಂಡ್ ಶಿಫ್ಟ್ ಮುಗಿಸಿ ರಾತ್ರಿ 10ಕ್ಕೆ ಹೊರಬಿದ್ದವನನ್ನು ನಾಳೆ ಬೆಳಿಗ್ಗೆ 6ಕ್ಕೆ ಫಸ್ಟ್ ಶಿಫ್ಟಿಗೆ ಕರೆಯಬಹುದು. ಎರಡು ಬೇರೆ ಬೇರೆ ದಿನ, ಎರಡರಲ್ಲೂ ಎಂಟೆಂಟು ತಾಸು, ಕಾಗದದ ಮೇಲೆ ತಪ್ಪೇ ಇಲ್ಲ. ಆದರೆ ಆ ಮನುಷ್ಯ ಖಾನಾಪುರ ಕಡೆಯವನು ಅಂದುಕೊಳ್ಳಿ. ಗೇಟಿನಿಂದ ಹೊರಬಿದ್ದು ಬಸ್ಸೋ ಟೆಂಪೊವೋ ಸಿಕ್ಕು ಮನೆ ಮುಟ್ಟಿದಾಗ 11 ದಾಟಿರುತ್ತದೆ. ಮೈ ತೊಳೆದು ಉಂಡು ಮಲಗಿದಾಗ 12. ಬೆಳಿಗ್ಗೆ ನಾಲ್ಕೂವರೆಗೆ ಎದ್ದರೆ 6ಕ್ಕೆ ಪಂಚ್ ಮಾಡಬಹುದು. ನಾಲ್ಕೂವರೆ ತಾಸು ನಿದ್ದೆ, ಅದೂ ಮಗು ಅಳದಿದ್ದರೆ. ಯುರೋಪಿನ ದೇಶಗಳ 2003ರ ಕೆಲಸದ ಹೊತ್ತಿನ ನಿರ್ದೇಶನದಲ್ಲಿ 24 ತಾಸಿನಲ್ಲಿ ಒಂದೇ ಸಮನೆ 11 ತಾಸು ವಿಶ್ರಾಂತಿ ಕೊಡಬೇಕು ಅಂತ ಬರೆದಿದೆ. ಹಾಗೆ ಒಂದು ಸಾಲು ನಮ್ಮ ಕಾನೂನಿನಲ್ಲಿ ಇಲ್ಲ. ಅದನ್ನು ನಮ್ಮ ರಾಜ್ಯದ ನಿಯಮದಲ್ಲಿ ಬರೆಯಲು ಏನು ತೊಂದರೆ? ದುಡ್ಡು ಖರ್ಚಾಗುವುದಿಲ್ಲ, ಪಾಳಿಯ ಪಟ್ಟಿ ಹಾಕುವವರು ಸ್ವಲ್ಪ ತಲೆ ಓಡಿಸಬೇಕು ಅಷ್ಟೇ. ಬೆಳಗಿನ ಪಾಳಿ, ಆಮೇಲೆ ಮಧ್ಯಾಹ್ನದ್ದು, ಆಮೇಲೆ ರಾತ್ರಿಯದು ಹೀಗೆ ಮುಂದಕ್ಕೆ ತಿರುಗಿಸಿದರೆ ಮೈ ಹೊಂದಿಕೊಳ್ಳುತ್ತದೆ. ರಾತ್ರಿಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ಬೆಳಿಗ್ಗೆಗೆ ಹಿಂದಕ್ಕೆ ತಿರುಗಿಸಿದರೆ ವಾರವಿಡೀ ತಲೆ ಭಾರ. ಪಾಳಿ ಮಾಡಿದ ಯಾರನ್ನು ಬೇಕಾದರೂ ಕೇಳಿ.

ವಾರದ ಸೂಟಿಯ ಕಥೆಯೂ ಇಂಥದೇ. ರಾತ್ರಿಪಾಳಿಯವನಿಗೆ ಸೂಟಿ ಅಂದರೆ ಅವನ ಪಾಳಿ ಮುಗಿದಲ್ಲಿಂದ 24 ತಾಸು. ಹಳೇ ಕಾಯ್ದೆಯ 57ನೇ ಕಲಂ ಇದನ್ನೇ ಹೇಳುತ್ತಿತ್ತು, ಸಂಹಿತೆಯಲ್ಲೂ ಅದೇ ಲೆಕ್ಕ ಉಳಿದಿದೆ. ಭಾನುವಾರ ಬೆಳಿಗ್ಗೆ 6ಕ್ಕೆ ಕೆಲಸ ಬಿಟ್ಟವನ ಸೂಟಿ ಸೋಮವಾರ ಬೆಳಿಗ್ಗೆ 6ಕ್ಕೆ ಮುಗಿಯಿತು. ಭಾನುವಾರ ಹಗಲು ಅವನು ನಿದ್ದೆ ಮಾಡಿರುತ್ತಾನೆ, ಮಾಡಲೇಬೇಕು. ಸಂಜೆ ಎದ್ದು ಮಕ್ಕಳ ಮುಖ ನೋಡುವ ಹೊತ್ತಿಗೆ ಬೆಳಗಿನ ಪಾಳಿಗೆ ಮಲಗುವ ಹೊತ್ತು ಬಂದಿರುತ್ತದೆ. ಊರಿನ ಜಾತ್ರೆ, ಮದುವೆ, ಮಕ್ಕಳ ಶಾಲೆ ಸಭೆ, ಯಾವುದಕ್ಕೂ ಅವನು ಆಗುವುದಿಲ್ಲ. ರಾತ್ರಿಪಾಳಿ ವಾರ ಮುಗಿಸಿದವರಿಗೆ 24 ಅಲ್ಲ, ಕನಿಷ್ಠ 36 ತಾಸು ಬಿಡುವು ಕೊಡಿ. ಕಾನೂನು ಕನಿಷ್ಠವನ್ನು ಹೇಳುತ್ತದೆ, ಅದಕ್ಕಿಂತ ಜಾಸ್ತಿ ಕೊಡಬಾರದು ಅಂತ ಎಲ್ಲೂ ಹೇಳಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ರಾತ್ರಿಪಾಳಿಯ ದುಡಿಮೆಯನ್ನು ಕ್ಯಾನ್ಸರ್ ತರುವ ಸಂಭವ ಇರುವ ಪಟ್ಟಿಗೆ 2007ರಲ್ಲೇ ಸೇರಿಸಿದೆ, 2019ರಲ್ಲಿ ಮತ್ತೆ ನೋಡಿ ಅಲ್ಲೇ ಉಳಿಸಿದೆ. ರಾತ್ರಿ ದುಡಿಯುವುದು ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಆಸ್ಪತ್ರೆ, ಬಸ್ಸು, ಕರೆಂಟು ಎಲ್ಲ ರಾತ್ರಿಯೂ ಬೇಕು. ಮೈಗೆ ಇಷ್ಟು ಕೆಟ್ಟದ್ದು ಅಂತ ಗೊತ್ತಿದ್ದ ಮೇಲೆ ಅದಕ್ಕೆ ತಕ್ಕ ವಿಶ್ರಾಂತಿ ಕೊಡಿ.

ಒಪ್ಪಿಗೆಯ ಮಾತಿಗೆ ಬರುತ್ತೇನೆ. 2023ರ ಫೆಬ್ರುವರಿಯಲ್ಲಿ ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಪಾಸು ಮಾಡಿತು. ವಾರಕ್ಕೆ 48 ತಾಸು ಹಾಗೇ ಇಟ್ಟು ದಿನದ ದುಡಿಮೆಯನ್ನು 12 ತಾಸಿನವರೆಗೆ ಹಿಗ್ಗಿಸಲು, ವಿರಾಮ ಇಲ್ಲದೆ ಆರು ತಾಸು ದುಡಿಸಲು ಅದರಲ್ಲಿ ಅವಕಾಶ ಇತ್ತು. ಮೂರು ತಿಂಗಳ ಓಟಿ, ಅಂದರೆ ಓವರ್‌ಟೈಮ್ ಮಿತಿ 75 ತಾಸಿನಿಂದ 145ಕ್ಕೆ ಏರಿತು. ಆಗ ಇದ್ದ ಸರ್ಕಾರ ಬೇರೆ, ಗೊತ್ತು. ಆದರೆ ಆಮೇಲೆ ಬಂದ ಸರ್ಕಾರವೂ ಅದನ್ನು ಹಿಂದಕ್ಕೆ ತೆಗೆಯಲಿಲ್ಲ. ಕೇಳಿದರೆ ಕಾರ್ಮಿಕನ ಲಿಖಿತ ಒಪ್ಪಿಗೆ ಇದ್ದರೆ ಮಾತ್ರ ಅನ್ನುತ್ತಾರೆ. ಹೊಸ ಸಂಹಿತೆಯಲ್ಲೂ ಓಟಿಗೆ ಕಾರ್ಮಿಕನ ಒಪ್ಪಿಗೆ ಬೇಕು ಅಂತಿದೆ. ಸಾಹೇಬರೇ, ಗುತ್ತಿಗೆದಾರನ ಕೈಕೆಳಗೆ ಸೇರುವ ಹುಡುಗನ ಒಪ್ಪಿಗೆಯನ್ನು ಯಾವಾಗ ತೆಗೆದುಕೊಳ್ಳುತ್ತಾರೆ ಗೊತ್ತಾ? ಸೇರುವ ದಿನವೇ. ಆಧಾರ್ ಜೆರಾಕ್ಸ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್, ಪಿಎಫ್ ಫಾರ್ಮ್, ಅದರ ಜೊತೆಗೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ಇನ್ನೊಂದು ಹಾಳೆ. ಇಲ್ಲೊಂದು ಸಹಿ, ಇಲ್ಲೊಂದು ಸಹಿ ಅನ್ನುತ್ತಾರೆ, ಅವನು ಹಾಕುತ್ತಾನೆ. ಅದು ವರ್ಷವಿಡೀ ಒಪ್ಪಿಗೆ. ಒಂದು ದಿನ ಆಗುವುದಿಲ್ಲ ಅಂದರೆ ಮರುದಿನ ಗೇಟ್‌ಪಾಸ್ ಇರುವುದಿಲ್ಲ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ನಮ್ಮ ಗಡಿ ಭಾಗದಲ್ಲಿ ಮರಾಠಿ ಓದುವವರಿಗೆ ಮರಾಠಿಯಲ್ಲೂ ಕೊಡಲಿ, ತಿಂಗಳಿಗೊಮ್ಮೆ ಹೊಸದಾಗಿ ತೆಗೆದುಕೊಳ್ಳಲಿ, ಬೇಡ ಅಂದವನನ್ನು ತೆಗೆದುಹಾಕಿದರೆ ಅದಕ್ಕೆ ದಂಡ ಇರಲಿ.

ಡಬಲ್ ಡ್ಯೂಟಿ ಅಂತೂ ಯಾರ ಒಪ್ಪಿಗೆಯಿಂದಲೂ ಸರಿಯಾಗುವಂಥದ್ದಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗಳಲ್ಲಿ ಮುಂದಿನ ಪಾಳಿಯವನು ಬರಲಿಲ್ಲ ಅಂದರೆ ಇದ್ದವನೇ ಮುಂದುವರಿಸಬೇಕು, 16 ತಾಸು. ನಮ್ಮ ಕಡೆಯೂ ಅಷ್ಟೇ. 12 ತಾಸಿಗೆ ಹಿಗ್ಗಿಸಿದ ತಿದ್ದುಪಡಿಯ ಲೆಕ್ಕದಲ್ಲೂ ಇದು ತಪ್ಪು. ಆದರೂ ಮಾಮೂಲಿ ಆಗಿಬಿಟ್ಟಿದೆ.

ನಾನು ಹಿಂದೆ ಇದ್ದ ಒಂದು ಕಡೆ ಹೀಗೇ ಡಬಲ್ ಮಾಡುತ್ತಿದ್ದ ಒಬ್ಬ ಹುಡುಗನ ಎರಡು ಬೆರಳು ಪವರ್ ಪ್ರೆಸ್‌ನಲ್ಲಿ ಹೋದವು. ಬೆಳಗಿನ ಜಾವ. ಚಿಕಿತ್ಸೆ ಸಿಕ್ಕಿತು, ಅದಕ್ಕೆ ತಕರಾರು ಮಾಡಲಿಲ್ಲ. ಆದರೆ ವರದಿಯಲ್ಲಿ ಕಾರಣ ಅಂತ ಬರೆದಿದ್ದು ಕಾರ್ಮಿಕನ ಅಜಾಗರೂಕತೆ. ಅವನು ಎಷ್ಟು ಹೊತ್ತಿನಿಂದ ಮಷಿನ್ ಮುಂದೆ ನಿಂತಿದ್ದ, ಕೊನೆಯ ಸಲ ಯಾವಾಗ ಕೂತಿದ್ದ, ಹಿಂದಿನ ದಿನ ಎಷ್ಟು ಮಲಗಿದ್ದ ಅಂತ ಒಬ್ಬರೂ ಕೇಳಲಿಲ್ಲ. ಕೇಳುವಂಥ ಜಾಗವೇ ಆ ಕಾಗದದಲ್ಲಿ ಇರಲಿಲ್ಲ. ಅಪಘಾತದ ವರದಿಯಲ್ಲಿ ಮೂರು ಸಾಲು ಸೇರಿಸಿ. ಅಪಘಾತದ ಹೊತ್ತಿಗೆ ಕೆಲಸ ಶುರುವಾಗಿ ಎಷ್ಟು ತಾಸು ಆಗಿತ್ತು, ಕೊನೆಯ ವಿರಾಮ ಯಾವಾಗ, ಹಿಂದಿನ ಪಾಳಿ ಯಾವಾಗ ಮುಗಿದಿತ್ತು. ಒಂದು ವರ್ಷ ಈ ಮೂರು ಉತ್ತರ ಕೂಡಿಹಾಕಿದರೆ ಅಪಘಾತಗಳು ಯಾವ ಹೊತ್ತಿನಲ್ಲಿ ಆಗುತ್ತಿವೆ ಅಂತ ನಿಮಗೇ ಗೊತ್ತಾಗುತ್ತದೆ.

ಮಾಲಕರ ಬಗ್ಗೆಯೂ ಒಂದು ಮಾತು ಹೇಳಬೇಕು. ಉದ್ಯಮಬಾಗದ ಮಾಲಕರೆಲ್ಲ ದೊಡ್ಡ ಶ್ರೀಮಂತರಲ್ಲ. ಎಷ್ಟೋ ಜನ ಒಂದು ಕಾಲಕ್ಕೆ ತಾವೇ ಲೇತ್ ತಿರುಗಿಸಿದವರು, ಸಾಲ ಮಾಡಿ ಶೆಡ್ ಹಾಕಿದವರು. ದೊಡ್ಡ ಕಂಪನಿಗಳು ಪೀಸಿಗೆ ಇಷ್ಟೇ ಅಂತ ರೇಟು ಬಿಗಿಹಿಡಿದು, ಇಂಥ ದಿನಕ್ಕೆ ಮಾಲು ಬರಲೇಬೇಕು ಅಂದಾಗ ಆ ಒತ್ತಡ ಇಳಿದು ಬಂದು ನಮ್ಮ ಊಟದ ಡಬ್ಬಿಯ ಮೇಲೆ ಕೂಡುತ್ತದೆ. ನನಗೆ ಅರ್ಥವಾಗುತ್ತದೆ. ಆದರೆ ಎಂಟು ತಾಸಿನಲ್ಲಿ ಅರ್ಧ ತಾಸು ಅಂದರೆ ಹದಿನಾರರಲ್ಲಿ ಒಂದು ಪಾಲು. ಬೆಳಗಿನ ನಾಲ್ಕಕ್ಕೆ ಕಣ್ಣು ಮುಚ್ಚಿ ಹೋಗುತ್ತಿರುವವನು ಆಫ್‌ಸೆಟ್ ಅಂದರೆ ಮಷಿನ್ನಿಗೆ ಕೊಡುವ ಅಳತೆ ತಪ್ಪಾಗಿ ಹೊಡೆದು ಕೆಡಿಸುವ ಮಾಲಿನ ಲೆಕ್ಕ ಹಾಕಿ ನೋಡಿ, ಕತ್ತರಿಸುವ ಇನ್ಸರ್ಟ್ ಮುರಿದಿದ್ದು, ಜಾಬ್ ಹಿಡಿಯುವ ಚಕ್ಕಿಗೆ ಟೂಲ್ ಬಡಿದಿದ್ದು ಎಲ್ಲ ಸೇರಿಸಿ. ಎಲ್ಲರಿಗೂ ಒಂದೇ ನಿಯಮ ಇದ್ದು, ಎಲ್ಲರೂ ಪಾಲಿಸಿದರೆ ವಿರಾಮ ಕೊಡುವ ಒಳ್ಳೇ ಮಾಲಕನಿಗೆ ರೇಟಿನಲ್ಲಿ ಪೆಟ್ಟು ಬೀಳುವುದಿಲ್ಲ. ಈಗ ಪೆಟ್ಟು ಬೀಳುತ್ತಿರುವುದು ಅವನಿಗೇ.

ಸಣ್ಣ ಶೆಡ್‌ಗಳ ಗತಿ ಏನು ಅನ್ನುವುದನ್ನೂ ನೋಡಿ. ಮೊದಲು ಕರೆಂಟ್ ಬಳಸುವ ಕಡೆ 10 ಜನ ಇದ್ದರೆ ಅದು ಕಾರ್ಖಾನೆ. ಈಗ 20 ಜನ ಬೇಕು, ಕರೆಂಟ್ ಇಲ್ಲದಿದ್ದರೆ 40. ನಮ್ಮಲ್ಲಿ ಹನ್ನೆರಡು, ಹದಿನೈದು ಜನರ ಶೆಡ್‌ಗಳೇ ಜಾಸ್ತಿ. ಹತ್ತು ಜನ ಇದ್ದರೆ ಸಂಹಿತೆಯ ಕೆಲಸದ ಹೊತ್ತಿನ ಮಾತು ಅವರಿಗೂ ಅನ್ವಯಿಸುತ್ತದೆ, ಅದನ್ನು ನಿಯಮದಲ್ಲಿ ಬಿಡಿಸಿ ಹೇಳಿ, ಇಲ್ಲದಿದ್ದರೆ ನಮ್ಮದು ಕಾರ್ಖಾನೆಯೇ ಅಲ್ಲ ಅಂತ ಕೈ ತೊಳೆದುಕೊಳ್ಳುತ್ತಾರೆ. ಒಂದೇ ಶೆಡ್ಡನ್ನು ನಡುವೆ ಗೋಡೆ ಹಾಕಿ ಎರಡು ಹೆಸರಿನಲ್ಲಿ ನಡೆಸುವುದೂ ಇದೆ, ತಲೆ ಎಣಿಸುವವರು ಎರಡೂ ಬಾಗಿಲು ನೋಡಬೇಕು. ಹೊಸ ಸಂಹಿತೆಯಲ್ಲಿ ಒಳ್ಳೆಯದೂ ಇದೆ. ಮೊದಲು 150 ಜನರ ಮೇಲಿದ್ದರೆ ಕೊಡಬೇಕಿದ್ದ ವಿಶ್ರಾಂತಿ ಕೋಣೆ, ಊಟದ ಕೋಣೆ ಈಗ 50ರ ಮೇಲಿದ್ದರೆ ಕೊಡಬೇಕು. 250ರ ಮೇಲಿದ್ದ ಕ್ಯಾಂಟೀನ್ 100ಕ್ಕೆ ಇಳಿದಿದೆ. ಇದನ್ನು ಮನಸ್ಸು ತುಂಬಿ ಸ್ವಾಗತಿಸುತ್ತೇನೆ. 50ಕ್ಕಿಂತ ಕಮ್ಮಿ ಇರುವವರಿಗೆ ಕೋಣೆ ಬೇಡ, ಕೈ ತೊಳೆಯಲು ಸಾಬೂನು, ಒಂದು ಬೆಂಚು, ಮೇಲೊಂದು ಫ್ಯಾನು, ಅಷ್ಟಾದರೂ ಕಡ್ಡಾಯ ಮಾಡಿ. ಕೈಗಾರಿಕಾ ಪ್ರದೇಶದಲ್ಲಿ ಹತ್ತು ಶೆಡ್‌ಗಳಿಗೆ ಸೇರಿ ಒಂದು ಊಟದ ಕಟ್ಟಡ ಕಟ್ಟಿಸಿದರೂ ಆದೀತು.

ಮಹಿಳಾ ನೌಕರರಿಗೆ ಮುಟ್ಟಿನ ರಜೆ ಕೊಡಬೇಕು ಅಂತ 2025ರಲ್ಲಿ ಸಂಪುಟದಲ್ಲಿ ಒಪ್ಪಿದ್ದು ಇದೇ ರಾಜ್ಯ ಸರ್ಕಾರ. ದುಡಿಯುವವರ ಮೈ ಬಗ್ಗೆ ನಿಮಗೆ ಕಾಳಜಿ ಇದೆ ಅಂತ ನಂಬಿಯೇ ಇಷ್ಟು ಬರೆದಿದ್ದೇನೆ.

ಕೊನೆಯದಾಗಿ, ವಿರಾಮ ಮತ್ತು ಪಾಳಿಯ ನಿಯಮದ ಕರಡನ್ನು ಕನ್ನಡದಲ್ಲಿ, ಓದಿದರೆ ತಿಳಿಯುವ ಕನ್ನಡದಲ್ಲಿ ಪ್ರಕಟಿಸಿ. ಅಧಿವೇಶನಕ್ಕೆ ಅಂತ ಸುವರ್ಣ ವಿಧಾನಸೌಧಕ್ಕೆ ಬಂದಾಗ ಒಂದು ಸಂಜೆ ಇತ್ತ ಬನ್ನಿ, ಉದ್ಯಮಬಾಗ ಅಲ್ಲಿಂದ ದೂರವೇನಿಲ್ಲ. ಅಹವಾಲು ಸಭೆ ಇಡುವುದಾದರೆ ಬೆಳಿಗ್ಗೆ 11ಕ್ಕೆ ಡಿಸಿ ಆಫೀಸಿನಲ್ಲಿ ಇಡಬೇಡಿ. ಆಗ ರಾತ್ರಿಪಾಳಿಯವರು ಮಲಗಿರುತ್ತಾರೆ, ಬೆಳಗಿನ ಪಾಳಿಯವರು ಮಷಿನ್ ಮೇಲಿರುತ್ತಾರೆ, ಬರುವವರು ಮಾಲಕರ ಕಡೆಯವರು ಮತ್ತು ಗುತ್ತಿಗೆದಾರರು ಮಾತ್ರ. ಮಧ್ಯಾಹ್ನ ಎರಡೂವರೆಗೆ ಒಂದು, ರಾತ್ರಿ ಎಂಟೂವರೆಗೆ ಇನ್ನೊಂದು, ಹೀಗೆ ಎರಡು ಸಲ ಉದ್ಯಮಬಾಗದಲ್ಲೇ ಇಡಿ. ಎರಡೂವರೆಗೆ ಫಸ್ಟ್ ಶಿಫ್ಟಿನವರು ಬರುತ್ತಾರೆ, ಎಂಟೂವರೆಗೆ ರಾತ್ರಿಪಾಳಿಗೆ ಹೊರಟವರು ಬರುತ್ತಾರೆ. ನಾನೂ ಇರುತ್ತೇನೆ, ಯಾವ ಪಾಳಿ ಬಿದ್ದಿದೆಯೋ ಆ ಹೊತ್ತಿಗೆ.

ಇಂತಿ,
ಉದ್ಯಮಬಾಗದ ಒಬ್ಬ ಪಾಳಿ ಕಾರ್ಮಿಕ
ಬೆಳಗಾವಿ